ಬಾಯಿ ವಾಸನೆ ಎಲ್ಲಿಂದ ಬರುತ್ತಿದೆ? ಮನೆಯಲ್ಲೇ ಹುಡುಕುವ ದಾರಿ

ನಮ್ಮ ಅವ್ವನ ಬಾಯಿಂದ ವಾಸನೆ ಬರುತ್ತದೆ ಅಂತ ಕೊಪ್ಪಳದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ ಮಾತ್ರ ಗೊತ್ತಿರಲಿಲ್ಲ. ಎರಡು ವರ್ಷ ಯಾರೂ ಹೇಳಲಿಲ್ಲ. ನನ್ನ ಮಗಳು ಅಜ್ಜಿಯ ಪಕ್ಕ ಮಲಗುವುದನ್ನು ಬಿಟ್ಟಳು. ಒಂದು ದಿನ ಅವ್ವನೇ ಕೇಳಿದಳು: "ಯಾಕವ್ವಾ, ಕೂಸು ನನ್ನ ಹತ್ರ ಬರವಲ್ದು?" ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಯವರೆಗೆ ನಾವು ಏನೂ ಮಾಡಿರಲಿಲ್ಲ ಅಂತಲ್ಲ. "ಉಷ್ಣ ಆಗೇತಿ" ಅಂತ ಮಜ್ಜಿಗೆ ಕೊಟ್ಟೆವು, ಜೀರಿಗೆ ನೀರು ಕೊಟ್ಟೆವು. ಮೆಡಿಕಲ್ ಶಾಪಿನಿಂದ ಗ್ಯಾಸ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸಿದೆವು. ತೊಂದರೆ ಹೊಟ್ಟೆಯಲ್ಲಿ ಇರಲೇ ಇಲ್ಲ. ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ.

ಬಾಯಿ ವಾಸನೆ ಇರುವ ಹತ್ತು ಜನರಲ್ಲಿ ಎಂಟೊಂಬತ್ತು ಜನರಿಗೆ ಅದು ಬಾಯಲ್ಲೇ ಹುಟ್ಟುತ್ತದೆ. ನಾಲಿಗೆಯ ಹಿಂಭಾಗ, ಹಲ್ಲಿನ ಸಂದಿ, ಒಸಡಿನ ಅಡಿ, ಹೀಗೆ ಗಾಳಿ ಆಡದ ಜಾಗಗಳಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಉಳಿದ ಅನ್ನದ ಅಗುಳು, ಸತ್ತ ಚರ್ಮದ ಕಣ, ಜೊಲ್ಲಿನ ಪ್ರೋಟೀನು, ಇವನ್ನು ತಿಂದು ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಅದರಲ್ಲಿ ಮುಖ್ಯವಾದದ್ದು. ಅದಕ್ಕೇ ಹುಡುಕಾಟ ಬಾಯಿಂದ ಶುರುವಾಗಬೇಕು, ಹೊಟ್ಟೆಯಿಂದ ಅಲ್ಲ. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಆಮೇಲೆ ಉಳಿದದ್ದು.

ಮೊದಲು: ವಾಸನೆ ನಿಜವಾಗಿ ಇದೆಯೇ?

ಬೊಗಸೆಯಲ್ಲಿ ಊದಿ ಮೂಸಿ ನೋಡುವುದನ್ನು ಎಲ್ಲರೂ ಮಾಡುತ್ತಾರೆ. ಅದರಿಂದ ಸರಿಯಾಗಿ ಗೊತ್ತಾಗುವುದಿಲ್ಲ. ದಿನಾ ಇರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ನಮ್ಮ ಅವ್ವನಿಗೂ ಆಗಿದ್ದು ಅದೇ.

ಇದಕ್ಕಿಂತ ಒಳ್ಳೆಯದು ಸ್ಟೀಲ್ ಚಮಚದ ಪರೀಕ್ಷೆ. ಚಮಚವನ್ನು ಬೋರಲು ಹಿಡಿದು ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಕೆರೆಯಿರಿ. 10 ಸೆಕೆಂಡು ಬಿಟ್ಟು ಮೂಸಿ. ಚಮಚದ ಮೇಲೆ ಬಂದ ಬಿಳಿ ಅಥವಾ ಹಳದಿ ಲೋಳೆಗೆ ವಾಸನೆ ಇದ್ದರೆ ನಿಮ್ಮ ಉಸಿರಿಗೂ ಇರುವ ಸಾಧ್ಯತೆ ಜಾಸ್ತಿ. ಮಣಿಕಟ್ಟನ್ನು ನೆಕ್ಕಿ, ಒಣಗಿದ ಮೇಲೆ ಮೂಸಿ ನೋಡುವುದೂ ಒಂದು ದಾರಿ. ಹಲ್ಲಿನ ಸಂದಿಗೆ ಫ್ಲಾಸ್ ದಾರ ಹಾಕಿ ಎಳೆದು, ದಾರ ಮೂಸಿದರೆ ಯಾವ ಹಲ್ಲಿನ ಹತ್ತಿರ ತೊಂದರೆ ಇದೆ ಅಂತಲೂ ಸುಳಿವು ಸಿಗುತ್ತದೆ.

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಮನೆಯವರನ್ನು ಕೇಳುವುದು. ಗಂಡ, ಹೆಂಡತಿ, ಅಕ್ಕ, ಗೆಳತಿ, ಯಾರಾದರೂ ಸರಿ. ಊಟ ಮಾಡಿ ಎರಡು ತಾಸು ಆದಮೇಲೆ ಕೇಳಿ. ಹಲ್ಲುಜ್ಜಿದ ತಕ್ಷಣ ಕೇಳಿದರೆ ಪೇಸ್ಟಿನ ವಾಸನೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ಅವರು ಹತ್ತಿರ ಇರುವಾಗಲೇ ಇನ್ನೊಂದು ಕೆಲಸ ಮಾಡಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಮೇಲೆ ಮೂಗು ಹಿಡಿದು ಬಾಯಿಂದ ಬಿಡಿ. ಬಾಯಿಂದ ಮಾತ್ರ ವಾಸನೆ ಬಂದರೆ ಕಾರಣ ಬಾಯಿ ಅಥವಾ ಗಂಟಲಲ್ಲಿ ಇದೆ. ಮೂಗಿನಿಂದ ಮಾತ್ರ ಬಂದರೆ ಮೂಗು, ಸೈನಸ್ ಕಡೆ ನೋಡಬೇಕು. ಎರಡರಿಂದಲೂ ಒಂದೇ ಥರ ಬಂದರೆ ದೇಹದ ಒಳಗಿನ ಕಾಯಿಲೆಯನ್ನು ನೆನಪಿಡಬೇಕು. ಐದು ನಿಮಿಷದ ಈ ಪರೀಕ್ಷೆಯನ್ನು ನಾವು ಮೊದಲೇ ಮಾಡಿದ್ದರೆ ತಿಂಗಳುಗಟ್ಟಲೆ ನುಂಗಿಸಿದ ಗ್ಯಾಸ್ ಮಾತ್ರೆ ಉಳಿಯುತ್ತಿತ್ತು.

ಬೆಳಿಗ್ಗೆ ಎದ್ದಾಗ ಮಾತ್ರ ವಾಸನೆ

ಇದು ಎಲ್ಲರಿಗೂ ಇರುತ್ತದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮ ಬಾಯಲ್ಲಿ ಊರುತ್ತದೆ. ಬಾಯಿ ತೊಳೆಯುವ ಕೆಲಸ ಅದರದ್ದೇ. ನಿದ್ದೆಯಲ್ಲಿ ಅದು ಬಹಳ ಕಡಿಮೆಯಾಗುತ್ತದೆ. ಎದ್ದು ಹಲ್ಲುಜ್ಜಿ, ಏನಾದರೂ ತಿಂದ ಮೇಲೆ ವಾಸನೆ ಹೋದರೆ ಚಿಂತೆ ಬೇಡ.

ರಾತ್ರಿ ಹಲ್ಲುಜ್ಜಿ ಮಲಗಿ. ನಮ್ಮ ಕಡೆ ಬೆಳಿಗ್ಗೆ ಒಂದು ಸಲ ಉಜ್ಜಿದರೆ ಮುಗಿಯಿತು ಅನ್ನುವವರೇ ಬಹಳ. ಎರಡರಲ್ಲಿ ಒಂದನ್ನೇ ಸರಿಯಾಗಿ ಮಾಡಲು ಆಗುವುದಾದರೆ ರಾತ್ರಿಯದನ್ನು ಮಾಡಿ.

ಊಟ ಆದಮೇಲೆ ವಾಸನೆ

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಪಕ್ಕದಲ್ಲಿ ಜಜ್ಜಿದ ಹಸಿ ಉಳ್ಳಾಗಡ್ಡಿ. ಸಂಜೆ ಮಿರ್ಚಿ, ಒಗ್ಗರಣಿ ಮಂಡಕ್ಕಿ, ಅದರ ಮೇಲೂ ಉಳ್ಳಾಗಡ್ಡಿ. ಈ ವಾಸನೆ ಕಾಯಿಲೆ ಅಲ್ಲ.

ಆದರೆ ಬಳ್ಳೊಳ್ಳಿ ವಿಷಯದಲ್ಲಿ ಒಂದು ಮಾತು ಗೊತ್ತಿರಲಿ. ಅದರ ಗಂಧಕದ ಒಂದು ಅಂಶ ಕರುಳಿನಿಂದ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಹೊರಗೆ ಬರುತ್ತದೆ. ಅದಕ್ಕೇ ಎಷ್ಟು ಉಜ್ಜಿದರೂ ಗಂಟೆಗಟ್ಟಲೆ ಹೋಗುವುದಿಲ್ಲ, ಕೆಲವೊಮ್ಮೆ ಮರುದಿನದ ತನಕ ಇರುತ್ತದೆ. ಊಟದ ಜೊತೆಗೇ ಹಾಲು ಅಥವಾ ಗಟ್ಟಿ ಮೊಸರು ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಹಸಿ ಪುದೀನಾ, ಸೇಬುಹಣ್ಣೂ ಸಹಾಯ ಮಾಡುತ್ತವೆ. ಮರುದಿನ ಸಂದರ್ಶನವೋ ಹೆಣ್ಣು ನೋಡುವ ಕಾರ್ಯವೋ ಇದ್ದರೆ ಹಿಂದಿನ ರಾತ್ರಿ ಹಸಿ ಬಳ್ಳೊಳ್ಳಿ ಬಿಟ್ಟರೆ ಸಾಕು. ಉಳಿದ ದಿನ ಧಾರಾಳವಾಗಿ ತಿನ್ನಿ.

ಶ್ರಾವಣದ ಉಪವಾಸ, ರಂಜಾನ್ ರೋಜಾ ಸಮಯದಲ್ಲೂ ವಾಸನೆ ಹೆಚ್ಚುತ್ತದೆ. ಬಾಯಿ ಒಣಗುವುದು ಒಂದು ಕಾರಣ. ಬಹಳ ಹೊತ್ತು ಹಸಿದಾಗ ದೇಹ ಕೊಬ್ಬು ಕರಗಿಸುವುದು ಇನ್ನೊಂದು. ಊಟ ಮಾಡಿದ ಮೇಲೆ ಸರಿಹೋಗುತ್ತದೆ.

ಹಲ್ಲುಜ್ಜಿದ ಒಂದು ತಾಸಿಗೇ ವಾಸನೆ ವಾಪಸ್ ಬರುತ್ತದೆ

ಬಹಳ ಜನರ ದೂರು ಇದೇ. ಇಲ್ಲಿ ಮೊದಲು ನೋಡಬೇಕಾದದ್ದು ನಾಲಿಗೆ.

ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ನಾಲಿಗೆ ಪೂರ್ತಿ ಹೊರಗೆ ಚಾಚಿ. ಮುಂಭಾಗ ಗುಲಾಬಿಯಾಗಿ, ಹಿಂಭಾಗ ಮಾತ್ರ ಬಿಳಿ ಅಥವಾ ಹಳದಿ ಪದರ ಕಟ್ಟಿದೆಯೇ? ನಾಲಿಗೆ ನಯವಾಗಿರುವುದಿಲ್ಲ, ದಪ್ಪ ಟವೆಲಿನ ಹಾಗೆ ಎಳೆಎಳೆಯಾಗಿರುತ್ತದೆ. ಆ ಎಳೆಗಳ ನಡುವೆ ಕೊಳೆ ಕೂರುತ್ತದೆ. ಹಲ್ಲುಜ್ಜುವ ಬ್ರಶ್ ಅಲ್ಲಿಗೆ ಹೋಗುವುದೇ ಇಲ್ಲ.

ಟಂಗ್ ಕ್ಲೀನರ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಸ್ಟೀಲ್ ಆದರೂ ಸರಿ, ಪ್ಲಾಸ್ಟಿಕ್ ಆದರೂ ಸರಿ. ಆದಷ್ಟು ಹಿಂದಿನಿಂದ ಹಿಡಿದು ಮುಂದಕ್ಕೆ ಎಳೆಯಿರಿ. ಒಂದು ಸಲ ಎಳೆದು ತೊಳೆಯಿರಿ, ಮತ್ತೆ ಎಳೆಯಿರಿ. ಐದಾರು ಸಲ ಸಾಕು. ಒತ್ತಿ ಕೆರೆಯಬೇಡಿ, ರಕ್ತ ಬರಬಾರದು. ವಾಂತಿ ಬಂದಂತಾದರೆ ಉಸಿರು ಹೊರಬಿಡುತ್ತಾ ಎಳೆಯಿರಿ, ಸ್ವಲ್ಪ ದಿನದಲ್ಲಿ ರೂಢಿಯಾಗುತ್ತದೆ. ಜೋರಾಗಿ ಸದ್ದು ಮಾಡುತ್ತಾ ಬೆರಳನ್ನು ಗಂಟಲಿಗೆ ಹಾಕಿ ಉಜ್ಜುವ ಪದ್ಧತಿ ನಮ್ಮಲ್ಲಿದೆ. ಅದರಿಂದ ಗಂಟಲು ಕೆರಳುತ್ತದೆಯೇ ಹೊರತು ನಾಲಿಗೆ ಸರಿಯಾಗಿ ಸ್ವಚ್ಛವಾಗುವುದಿಲ್ಲ.

ಇದರ ಜೊತೆಗೆ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಹಲ್ಲುಜ್ಜುವುದು. ಮೃದು ಬ್ರಶ್, ಫ್ಲೋರೈಡ್ ಇರುವ ಪೇಸ್ಟು. ಎರಡು ನಿಮಿಷ ಅಂದರೆ ಎಷ್ಟು ಉದ್ದ ಅಂತ ಒಮ್ಮೆ ಗಡಿಯಾರ ಇಟ್ಟುಕೊಂಡು ನೋಡಿ, ನಾವು ಅದರ ಅರ್ಧವೂ ಉಜ್ಜಿರುವುದಿಲ್ಲ. ರಾತ್ರಿ ಒಂದು ಸಲ ಹಲ್ಲಿನ ಸಂದಿಗೆ ಫ್ಲಾಸ್ ಹಾಕಿ. ಸಂದಿ ದೊಡ್ಡದಿದ್ದರೆ ಸಂದಿಗೆಂದೇ ಸಿಗುವ ಚಿಕ್ಕ ಬ್ರಶ್ ಒಳ್ಳೆಯದು. ಬೂದಿ, ಇದ್ದಿಲು, ಇಟ್ಟಂಗಿ ಪುಡಿಯಿಂದ ಉಜ್ಜುವವರು ಈಗಲೂ ಇದ್ದಾರೆ. ಹಲ್ಲು ಬೆಳ್ಳಗೆ ಕಂಡರೂ ಮೇಲಿನ ಗಟ್ಟಿ ಪದರ ಸವೆಯುತ್ತದೆ, ದಯವಿಟ್ಟು ಬಿಡಿ.

ಹೀಗೆ ಎರಡು ವಾರ ಬಿಡದೆ ಮಾಡಿ. ಆಮೇಲೆ ಚಮಚದ ಪರೀಕ್ಷೆ ಮತ್ತೆ ಮಾಡಿ. ಬಹಳ ಜನರಿಗೆ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ನಾಲಿಗೆಯ ಮೇಲಿನ ಬಿಳಿ ಪದರ ಒರೆಸಿದಾಗ ಅಡಿಯಲ್ಲಿ ಕೆಂಪಗೆ ಹಸಿಯಾಗಿ ಉರಿದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ಆಸ್ತಮಾಕ್ಕೆ ಇನ್ಹೇಲರ್ ಬಳಸುವವರಿಗೆ ಇದು ಬರುತ್ತದೆ. ಕೆರೆಯುತ್ತಾ ಕೂರದೆ ವೈದ್ಯರಿಗೆ ತೋರಿಸಿ. ಇನ್ಹೇಲರ್ ಎಳೆದ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸುವುದು ರೂಢಿಯಾಗಲಿ.

ಬಾಯಿ ಒಣಗುತ್ತದೆ, ಜೊತೆಗೆ ವಾಸನೆ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಡೂರಿನ ಗಣಿ ದೂಳಿನಲ್ಲಿ ಲಾರಿ ಓಡಿಸುವವರು, ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ದುಡಿಯುವವರು, ನೀರು ಕಡಿಮೆ ಕುಡಿದು ಚಹಾ ಮೇಲೆ ಚಹಾ ಕುಡಿಯುತ್ತಾರೆ. ಬಾಯಿ ಒಣಗಿದರೆ ತೊಳೆಯುವ ಜೊಲ್ಲೇ ಇಲ್ಲ, ವಾಸನೆ ಬಂದೇ ಬರುತ್ತದೆ. ಒಂದೇ ಸಲ ತಂಬಿಗೆ ನೀರು ಕುಡಿಯುವುದಕ್ಕಿಂತ ಆಗಾಗ ಗುಟುಕು ಗುಟುಕಾಗಿ ಕುಡಿಯುವುದು ಬಾಯಿಗೆ ಒಳ್ಳೆಯದು. ಚಹಾ ಕುಡಿದ ಮೇಲೆ ನೀರಿನಿಂದ ಮುಕ್ಕಳಿಸಿ.

ನೀರು ಚೆನ್ನಾಗಿ ಕುಡಿದರೂ ಬಾಯಿ ಒಣಗುತ್ತದೆಯೇ? ಹಾಗಿದ್ದರೆ ಮಾತ್ರೆ ಡಬ್ಬಿ ತೆಗೆದು ನೋಡಿ. ಬಿಪಿಯ ಕೆಲವು ಮಾತ್ರೆ, ಅಲರ್ಜಿ ಮತ್ತು ನೆಗಡಿ ಮಾತ್ರೆ, ಖಿನ್ನತೆಯ ಮಾತ್ರೆಗಳು ಜೊಲ್ಲು ಕಡಿಮೆ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ "ಬಾಯಿ ಒಣಗುತ್ತದೆ" ಅಂತ ಹೇಳಿ, ಬದಲಿಸಬಹುದೇ ಕೇಳಿ. ರಾತ್ರಿ ಬಾಯಿ ತೆರೆದು ಮಲಗುವವರಿಗೆ, ಗೊರಕೆ ಹೊಡೆಯುವವರಿಗೆ ಮೂಗು ಕಟ್ಟಿದೆಯೇ ನೋಡಬೇಕು.

ಬಾಯಿ ಒಣಗುವುದರ ಜೊತೆ ಪದೇ ಪದೇ ಮೂತ್ರ, ಎಷ್ಟು ಕುಡಿದರೂ ತೀರದ ಬಾಯಾರಿಕೆ ಇದ್ದರೆ ರಕ್ತದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ನೀರಿಲ್ಲದೆ ಒಣ ರೊಟ್ಟಿ ನುಂಗಲು ಆಗುವುದೇ ಇಲ್ಲ, ಕಣ್ಣೂ ಒಣಗಿ ಚುಚ್ಚುತ್ತದೆ ಅನ್ನುವವರೂ ವೈದ್ಯರನ್ನು ಕಾಣಬೇಕು.

ಹಲ್ಲುಜ್ಜುವಾಗ ರಕ್ತ, ಉಗುಳಿದರೆ ಕೆಂಪು

ರಕ್ತ ಕಂಡ ಕೂಡಲೇ ನಾವು ಆ ಜಾಗ ಉಜ್ಜುವುದನ್ನೇ ಬಿಡುತ್ತೇವೆ. ಅಲ್ಲೇ ತಪ್ಪುವುದು. ಒಸಡಿನ ಅಂಚಿನಲ್ಲಿ ಪಾಚಿ ಕೂತು ಒಸಡು ಊದಿಕೊಂಡಿದೆ ಅನ್ನುವುದರ ಗುರುತು ಆ ರಕ್ತ. ಉಜ್ಜದೆ ಬಿಟ್ಟರೆ ಪಾಚಿ ಇನ್ನೂ ಹೆಚ್ಚುತ್ತದೆ. ಮೃದು ಬ್ರಶ್‌ನಿಂದ, ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜುತ್ತಾ ಹೋಗಿ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ, ನುಂಗಬೇಡಿ. ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ದಂತ ವೈದ್ಯರ ಹತ್ತಿರ ಹೋಗಿ.

ಮೆತ್ತಗಿರುವ ಪಾಚಿ ಕೆಲವೇ ದಿನದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಶ್ಶಿಗೂ ಬರುವುದಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿ, ಒರಟಾಗಿದ್ದರೆ ಅದೇ. ಅದನ್ನು ಕ್ಲೀನಿಂಗ್ ಮಾಡಿಸಿಯೇ ತೆಗೆಸಬೇಕು. "ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವು" ಅಂತ ನಮ್ಮ ಊರಲ್ಲಿ ಎಲ್ಲರೂ ಹೇಳುತ್ತಾರೆ. ಹಲ್ಲು ಸಡಿಲ ಆಗಿರುವುದು ಒಸಡು ಮತ್ತು ಅಡಿಯ ಎಲುಬು ಕರಗಿದ್ದರಿಂದ. ಕಲ್ಲು ಹಲ್ಲುಗಳನ್ನು ಹಿಡಿದುಕೊಂಡಿದ್ದರಿಂದ ಅದು ಗೊತ್ತಾಗಿರುವುದಿಲ್ಲ, ಅಷ್ಟೇ. ಬೇಗ ಮಾಡಿಸಿದರೆ ಹಲ್ಲು ಉಳಿಯುತ್ತವೆ. ಈ ಒಂದು ತಪ್ಪು ನಂಬಿಕೆಯಿಂದ ಐವತ್ತು ದಾಟುವುದರೊಳಗೆ ಬಾಯಿ ಬೋಳು ಮಾಡಿಕೊಂಡವರನ್ನು ನಾನು ನಮ್ಮ ಬಂಧುಗಳಲ್ಲೇ ನೋಡಿದ್ದೇನೆ.

ಒಸಡು ಒತ್ತಿದರೆ ಕೀವು, ಹಲ್ಲು ಅಲುಗಾಡುವುದು, ಹಲ್ಲು ಉದ್ದವಾದಂತೆ ಕಾಣುವುದು, ಇವು ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಒಸಡು ಕೆಡುತ್ತದೆ. ಒಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಬಸುರಿಯರಿಗೆ ಒಸಡಿನಿಂದ ರಕ್ತ ಬರುವುದು ಸಾಮಾನ್ಯ. ಅವರೂ ಕ್ಲೀನಿಂಗ್ ಮಾಡಿಸಬಹುದು, ಎಷ್ಟು ತಿಂಗಳು ಅಂತ ದಂತ ವೈದ್ಯರಿಗೆ ಮೊದಲೇ ಹೇಳಿದರೆ ಸಾಕು.

ಇಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗೆ ಸೇರಿದ ಒಂದು ಮಾತು. ಇಲ್ಲಿನ ಬಹಳ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಇರುತ್ತವೆ. ಅಂಥ ಹುಡುಗ ಹುಡುಗಿಯರನ್ನು "ಹಲ್ಲು ಉಜ್ಜಲ್ಲ, ಬಾಯಿ ನಾರುತ್ತೆ" ಅಂತ ಶಾಲೆಯಲ್ಲಿ ಆಡಿಕೊಳ್ಳುತ್ತಾರೆ. ಆ ಕಲೆಗೂ ಬಾಯಿ ವಾಸನೆಗೂ ಸಂಬಂಧ ಇಲ್ಲ. ಆ ಮಕ್ಕಳ ತಪ್ಪೂ ಇಲ್ಲ. ಕಲೆಯನ್ನು ಬೂದಿ ಹಾಕಿ ಉಜ್ಜಿ ತೆಗೆಯಲು ಹೋಗಬೇಡಿ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ಶುದ್ಧೀಕರಣ ಘಟಕದ ನೀರು ಕೊಡಿ. ಆರು ವರ್ಷದೊಳಗಿನ ಮಕ್ಕಳಿಗೆ ಪೇಸ್ಟು ಬಟಾಣಿ ಕಾಳಿನಷ್ಟು, ಮೂರರೊಳಗಿನವರಿಗೆ ಅಕ್ಕಿ ಕಾಳಿನಷ್ಟು ಸಾಕು. ನುಂಗದ ಹಾಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಒಂದೇ ಕಡೆಯಿಂದ ವಾಸನೆ, ಅಲ್ಲೇ ತಿಂದದ್ದು ಸಿಕ್ಕಿಕೊಳ್ಳುತ್ತದೆ

ಅವ್ವನ ತೊಂದರೆ ಇದ್ದದ್ದು ಇಲ್ಲಿ. ಬಹಳ ಹಿಂದೆ ಬಲಗಡೆ ಕೆಳಗಿನ ದವಡೆಯಲ್ಲಿ ಒಂದು ಹಲ್ಲು ತೆಗೆಸಿ, ಅಕ್ಕಪಕ್ಕದ ಹಲ್ಲುಗಳಿಗೆ ಆನಿಸಿ ಮೂರು ಹಲ್ಲಿನ ಬ್ರಿಡ್ಜ್ ಕೂರಿಸಿದ್ದರು. ಅದರಲ್ಲಿ ಒಂದು ಆಧಾರದ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಒಳಗೆ ನರ ಇಲ್ಲದ್ದರಿಂದ ಅದು ಕ್ಯಾಪಿನ ಅಡಿಯಲ್ಲಿ ಕೊಳೆತರೂ ನೋವೇ ಬರಲಿಲ್ಲ. ನೋವು ಇಲ್ಲ ಅಂದಮೇಲೆ ಹಲ್ಲು ಸರಿ ಇದೆ ಅಂತ ನಾವೂ ಅಂದುಕೊಂಡೆವು. ಒಂದು ದಿನ ಫ್ಲಾಸ್ ಹಾಕಿ ನೋಡಿದೆ. ಎಡಗಡೆ ಏನೂ ಇಲ್ಲ. ಬಲಗಡೆಯ ದಾರ ಮೂಗಿನ ಹತ್ತಿರ ತರಲು ಆಗಲಿಲ್ಲ. ದಂತ ವೈದ್ಯರು ಎಕ್ಸ್‌ರೇ ತೆಗೆದು, ಬ್ರಿಡ್ಜ್ ಕತ್ತರಿಸಿ, ಕೊಳೆತ ಹಲ್ಲು ತೆಗೆದರು. ಹುಣ್ಣು ಮಾಗಿದ ಮೇಲೆ ವಾಸನೆ ಇರಲಿಲ್ಲ.

ಹಾಗಾಗಿ ಕ್ಯಾಪ್, ಬ್ರಿಡ್ಜ್ ಇರುವವರು ನೋವಿಗಾಗಿ ಕಾಯಬೇಡಿ. ಹುಳುಕು ಹಲ್ಲಿನ ಗುಳಿ, ಹಳೇ ಸಿಮೆಂಟ್ ಬಿದ್ದುಹೋದ ಹಲ್ಲು, ಎರಡು ಹಲ್ಲಿನ ನಡುವೆ ದಿನಾ ಅಡಿಕೆ ಚೂರು ಸಿಕ್ಕುವ ಸಂದಿ, ಇವೆಲ್ಲವೂ ಹೀಗೇ ವಾಸನೆ ಕೊಡುತ್ತವೆ. ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಬುದ್ಧಿ ಹಲ್ಲು ಅರ್ಧ ಹೊರಬಂದು, ಮೇಲೆ ಮುಚ್ಚಿದ ಒಸಡಿನ ಅಡಿ ಅನ್ನ ಸೇರಿ ಕೊಳೆಯುವುದೂ ಉಂಟು. ಹಲ್ಲಿನ ಸೆಟ್ಟು ಹಾಕುವ ಹಿರಿಯರು ರಾತ್ರಿ ಅದನ್ನು ತೆಗೆದು, ಬ್ರಶ್ ಮತ್ತು ಸೋಪಿನಿಂದ ತೊಳೆದು, ತಣ್ಣೀರಿನ ಬಟ್ಟಲಲ್ಲಿ ಇಡಬೇಕು. ಕುದಿಯುವ ನೀರು ಹಾಕಿದರೆ ಆಕಾರ ಕೆಡುತ್ತದೆ.

ಇಲ್ಲಿ ತಡ ಮಾಡಬಾರದ ಗುರುತುಗಳಿವೆ. ಮುಖ ಊದಿ ಬಾವು ಕಣ್ಣಿನ ಕಡೆ ಅಥವಾ ಕುತ್ತಿಗೆಯ ಕಡೆ ಹರಡುವುದು, ಜ್ವರ, ಬಾಯಿ ತೆರೆಯಲು ಆಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ. ಇವು ಕಂಡರೆ ದಂತ ವೈದ್ಯರ ಸಮಯಕ್ಕೆ ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿ ಮುಚ್ಚಬಹುದು. ಊದಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ. ನೋವಿನ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳಬೇಡಿ, ಒಸಡು ಸುಡುತ್ತದೆ.

ಗುಟ್ಕಾ, ಎಲೆಅಡಿಕೆ, ತಂಬಾಕು ಹಾಕುವವರಲ್ಲಿ

ವಾಸನೆ ಮುಚ್ಚಲು ಗುಟ್ಕಾ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಅದು ವಾಸನೆಯನ್ನು ಹೆಚ್ಚಿಸುತ್ತದೆ. ಬಾಯಿ ಒಣಗುತ್ತದೆ, ಒಸಡು ಸರಿಯುತ್ತದೆ. ತಂಬಾಕು ಒಸಡಿನ ರಕ್ತ ಸಂಚಾರ ಕಡಿಮೆ ಮಾಡುವುದರಿಂದ ಒಸಡು ಕೆಟ್ಟರೂ ರಕ್ತ ಕಡಿಮೆ ಬರಬಹುದು. ಹಾಗಾಗಿ ಮೇಲೆ ಹೇಳಿದ ರಕ್ತದ ಗುರುತು ಇವರಿಗೆ ಸಿಗದೇ ಹೋಗಬಹುದು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡನ್ನೂ ಸೇರಿಸಿ ಬಾಯಿಗೆ ಹಾಕುತ್ತಾರೆ. ಬಾಯಿಗೆ ಆಗುವ ಹಾನಿ ಅದೇ.

ಇವರು ತಿಂಗಳಿಗೊಮ್ಮೆ ಮನೆಯಲ್ಲೇ ಮಾಡಬೇಕಾದ ಪರೀಕ್ಷೆ ಹೀಗಿದೆ. ನಿಮ್ಮವೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹೋಗಬೇಕು. ಎರಡೇ ಹೋದರೆ, ಖಾರ ಬಾಯಿಗೆ ಇಟ್ಟರೆ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಹಗ್ಗದಂತೆ ಬಿಗಿಯಾಗಿದ್ದರೆ, ಅಡಿಕೆಯಿಂದ ಕೆನ್ನೆ ಗಟ್ಟಿಯಾಗುವ ಕಾಯಿಲೆ ಶುರುವಾಗಿರಬಹುದು. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಎರಡು ವಾರಕ್ಕೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಇವು ಕ್ಯಾನ್ಸರ್ ಇರಬಹುದೇ ಅಂತ ನೋಡಿಸಲೇಬೇಕಾದ ಗುರುತುಗಳು. ನೋವಿಲ್ಲ ಅಂತ ಸುಮ್ನೆ ಇರಬೇಡಿ. ಬಿಡಬೇಕು ಅನ್ನಿಸಿದವರಿಗೆ 1800112356 ಸಹಾಯವಾಣಿ ಇದೆ, ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಗಂಟಲಿನಿಂದ ಬಿಳಿ ಕಾಳು ಬರುತ್ತದೆ, ಅಥವಾ ಮೂಗಿನಿಂದ ವಾಸನೆ

ಕೆಮ್ಮಿದಾಗ ಮೊಸರಿನ ಗಟ್ಟಿಯಂಥ ಚಿಕ್ಕ ಕಾಳು ಬಂದು, ಹಿಚುಕಿದರೆ ಕೆಟ್ಟ ವಾಸನೆ ಬರುತ್ತದೆಯೇ? ಅದು ಟಾನ್ಸಿಲ್ ಗುಳಿಗಳಲ್ಲಿ ಕಟ್ಟುವ ಕಲ್ಲು. ಅಪಾಯ ಇಲ್ಲ. ಉಪ್ಪುನೀರಿನಿಂದ ಗಂಟಲು ಗಳಗಳ ಮಾಡಿ. ಕಡ್ಡಿಯಿಂದ ಚುಚ್ಚಬೇಡಿ. ಪದೇ ಪದೇ ಆದರೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಿ. ಮೂಗು ಕಟ್ಟಿ, ಕೆನ್ನೆ ಭಾರವಾಗಿ, ಹಳದಿ ಸಿಂಬಳ ಗಂಟಲಿಗೆ ಇಳಿಯುತ್ತಿದ್ದರೆ ಸೈನಸ್ ಇರಬಹುದು. ಅವರೇ ನೋಡುತ್ತಾರೆ.

ಚಿಕ್ಕ ಮಕ್ಕಳ ವಿಷಯದಲ್ಲಿ ಒಂದು ಗುರುತು ಮರೆಯಬೇಡಿ. ಒಂದೇ ಮೂಗಿನ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಮಗು ಮೂಗಿನೊಳಗೆ ಏನನ್ನೋ ತುರುಕಿಕೊಂಡಿರಬಹುದು. ಶೇಂಗಾ ಕಾಳು, ಹುಣಸೆ ಬೀಜ, ಮಣಿ, ಏನೂ ಇರಬಹುದು. ಹೇರ್‌ಪಿನ್ ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ. ಆಟದ ಸಾಮಾನಿನ ಗುಂಡಿಯಂಥ ಬ್ಯಾಟರಿ ಇರಬಹುದು ಅನ್ನುವ ಅನುಮಾನ ಇದ್ದರಂತೂ ಒಂದು ನಿಮಿಷವೂ ಕಾಯಬೇಡಿ. ಅದು ತಾಸೆರಡು ತಾಸಿನಲ್ಲೇ ಒಳಗಿನ ಚರ್ಮವನ್ನು ಸುಡುತ್ತದೆ.

ಹುಳಿ ತೇಗು, ಎದೆ ಉರಿ, ಜೊತೆಗೆ ವಾಸನೆ

ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ಹೊಟ್ಟೆಯ ಗಾಳಿ ತೇಗು ಬಂದಾಗ ಮಾತ್ರ ಮೇಲೆ ಬರುತ್ತದೆ. ಹಾಗಾಗಿ ದಿನವಿಡೀ ಇರುವ ವಾಸನೆಗೆ ಹೊಟ್ಟೆ ಕಾರಣ ಆಗುವುದು ಕಡಿಮೆ. ಎದೆ ಉರಿ, ಬಾಯಿಗೆ ಹುಳಿ ನೀರು ಬರುವುದು ಇದ್ದರೆ ರಾತ್ರಿ ಊಟ ಬೇಗ ಮಾಡಿ, ಉಂಡ ಕೂಡಲೇ ಮಲಗಬೇಡಿ. ನುಂಗಲು ಕಷ್ಟ, ತೂಕ ಇಳಿಯುವುದು, ಕಪ್ಪು ಮಲ, ರಕ್ತ ವಾಂತಿ ಕಂಡರೆ ವೈದ್ಯರ ಹತ್ತಿರ ಹೋಗಲೇಬೇಕು.

ವಾಸನೆಯೇ ಬೇರೆ ಥರ ಇದೆ

ಸಕ್ಕರೆ ಕಾಯಿಲೆಯವರ ಉಸಿರು ಕೊಳೆತ ಹಣ್ಣಿನಂತೆ ಅಥವಾ ನೇಲ್ ಪಾಲಿಶ್ ಅಳಿಸುವ ದ್ರವದಂತೆ ಇದ್ದು, ಜೊತೆಗೆ ವಾಂತಿ, ಹೊಟ್ಟೆ ನೋವು, ಜೋರು ಜೋರಾದ ಉಸಿರು, ಮಂಪರು ಇದ್ದರೆ ಅದು ಪ್ರಾಣಾಪಾಯ. ತಕ್ಷಣ ಆಸ್ಪತ್ರೆಗೆ ಸೇರಿಸಿ. ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತೇ ಇಲ್ಲದ ಮಕ್ಕಳಲ್ಲೂ ಇದು ಮೊದಲ ಗುರುತಾಗಿ ಬರಬಹುದು. ಮೂತ್ರದಂಥ ವಾಸನೆ ಬಂದು, ಕಾಲು ಮುಖ ಊದಿ, ಮೂತ್ರ ಕಡಿಮೆಯಾಗಿದ್ದರೆ ಮೂತ್ರಪಿಂಡ ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾಗಿ, ಹೊಟ್ಟೆ ಊದಿ, ಉಸಿರಿಗೆ ಮುಗ್ಗಲು ಸಿಹಿ ವಾಸನೆ ಇದ್ದರೆ ಯಕೃತ್ತು. ವಾಸನೆಯ ಕಫ, ಜ್ವರ ಇದ್ದರೆ ಶ್ವಾಸಕೋಶ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಇವೆಲ್ಲ ಅಪರೂಪ. ಬರೀ ವಾಸನೆ ಇದ್ದು, ಬೇರೆ ಗುರುತು ಇಲ್ಲದಿದ್ದರೆ ಇವನ್ನು ನೆನೆದು ನಿದ್ದೆ ಕೆಡಿಸಿಕೊಳ್ಳಬೇಡಿ.

ಎಲ್ಲರೂ ಇಲ್ಲ ಅಂದರೂ ನನಗೆ ವಾಸನೆ ಇದೆ ಅನ್ನಿಸುತ್ತದೆ

ಎದುರಿಗಿದ್ದವರು ಮೂಗು ಒರೆಸಿಕೊಂಡರೂ ನನ್ನಿಂದಲೇ ಅನ್ನಿಸುವುದು, ದಿನಕ್ಕೆ ಹತ್ತು ಸಲ ಉಜ್ಜುವುದು, ಮದುವೆ ಮುಂಜಿಗೂ ಹೋಗದಿರುವುದು. ಮನೆಯವರೂ ದಂತ ವೈದ್ಯರೂ ಪರೀಕ್ಷೆ ಮಾಡಿ ಇಲ್ಲ ಅಂದರೆ ಅವರ ಮಾತು ನಂಬಿ. ಆದರೂ ಆ ಯೋಚನೆ ಬಿಡದಿದ್ದರೆ ಮನೋವೈದ್ಯರು ಸಹಾಯ ಮಾಡುತ್ತಾರೆ. ಅದು ನಿಜವಾದ ಸಂಕಟ, ಅದಕ್ಕೆ ಚಿಕಿತ್ಸೆಯೂ ಇದೆ.

ಮೌತ್‌ವಾಶ್, ಲವಂಗ, ಏಲಕ್ಕಿ

ಸೋಂಪು, ಏಲಕ್ಕಿ ಅಗಿದರೆ ಸ್ವಲ್ಪ ಹೊತ್ತು ವಾಸನೆ ಮುಚ್ಚುತ್ತದೆ, ಜೊಲ್ಲೂ ಊರುತ್ತದೆ. ತಪ್ಪೇನಿಲ್ಲ. ಸಕ್ಕರೆ ಇರುವ ಪೆಪ್ಪರ್‌ಮಿಂಟು ಬೇಡ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಕೆಲಸ ಮಾಡುತ್ತದೆ, ಆದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ವಾರಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಆಲ್ಕೋಹಾಲ್ ಇರುವಂಥವು ಬಾಯಿ ಒಣಗಿಸುತ್ತವೆ.

ಹೇಳುವುದು ಹೇಗೆ, ತೋರಿಸುವುದು ಎಲ್ಲಿ

ನಾಲ್ಕು ಜನರ ಮುಂದೆ ಹೇಳಬೇಡಿ. ಚೀಟಿ ಬರೆದಿಡುವುದು, ಮೌತ್‌ವಾಶ್ ತಂದು ಸುಮ್ನೆ ಮುಂದೆ ಇಡುವುದು ಇನ್ನೂ ನೋಯಿಸುತ್ತದೆ. ನಾನು ಅವ್ವನ ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿದೆ: "ಅವ್ವಾ, ನಿನ್ನ ಬಾಯಿ ವಾಸ್ನಿ ಬರಾಕತ್ತೈತಿ. ಹಲ್ಲಿಂದು ಏನೋ ತೊಂದ್ರಿ ಇರಬೇಕು. ನಾಳೆ ತೋರಿಸ್ಕೊಂಡು ಬರೂಣು." ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲ ಹೇಳಬಾರದಾಗಿತ್ತಾ?" ಅಂದಳು.

ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ರಾಯಚೂರಿನಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಹಿರಿಯ ವೈದ್ಯರ ಕಣ್ಣಮುಂದೆ ಕೆಲಸ ಮಾಡುವುದರಿಂದ ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ಕೊಪ್ಪಳದವರು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಿಂದ ಶುರು ಮಾಡಬಹುದು. ಹೋಗುವ ದಿನ ಬೆಳಿಗ್ಗೆ ಮೌತ್‌ವಾಶ್ ಹಾಕಿಕೊಳ್ಳಬೇಡಿ, ಬಳ್ಳೊಳ್ಳಿ ತಿನ್ನಬೇಡಿ, ಎಲೆಅಡಿಕೆ ಬೇಡ. ವಾಸನೆ ಇದ್ದ ಹಾಗೇ ಅವರಿಗೆ ಗೊತ್ತಾಗಬೇಕು. ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ಯಿರಿ. ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಆ ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಹೋಗಬೇಡಿ. ಚಿಕಿತ್ಸೆ ಮುಗಿದು ಎರಡು ವಾರ ಆದಮೇಲೆ ಚಮಚ, ಫ್ಲಾಸ್, ಮೂಗು, ಮೂರೂ ಪರೀಕ್ಷೆ ಮತ್ತೆ ಮಾಡಿ. ಹಲ್ಲು ಒಸಡು ಸರಿ ಇದ್ದೂ ವಾಸನೆ ಉಳಿದಿದ್ದರೆ ಮುಂದಿನ ಸರದಿ ಕಿವಿ, ಮೂಗು, ಗಂಟಲಿನ ವೈದ್ಯರದ್ದು, ಆಮೇಲೆ ಫಿಜಿಶಿಯನ್.